ಈಶಾನ್ಯಕ್ಕೆ ಏಳು ಹೆಜ್ಜೆ

ಹೋದ ತಿಂಗಳು ಶಿವಮೊಗ್ಗದಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಪುಸ್ತಕ ಬಿಡುಗಡೆ ಅಂದ್ರೆ ಗೊತ್ತಲ್ಲ, ವೇದಿಕೆ ಮೇಲೆ ಎಂಟು ಜನ, ಕೆಳಗೆ ಅವರ ಮನೆಯವರು. ಅವತ್ತು ಮಾತ್ರ ಕೂರಲು ಜಾಗ ಇರಲಿಲ್ಲ. ಸೊರಬ, ಹೊಸನಗರದ ಕಡೆಯಿಂದ ಜೀಪು ಮಾಡಿಕೊಂಡು ಬಂದಿದ್ದರು. ಎಲ್ಲರ ಕೈಯಲ್ಲೂ ಪೆನ್ನು. ಸಾಹಿತ್ಯಕ್ಕೆ ಒಳ್ಳೇ ಕಾಲ ಬಂತು ಅಂತ ನನಗೆ ಕಣ್ಣೇ ತುಂಬಿ ಬಂತು. ಸಂವಾದದಲ್ಲಿ ಮೊದಲ ಪ್ರಶ್ನೆ ಬರುವವರೆಗೆ.

"ಸಾರ್, ಪುಟ 212ರಲ್ಲಿ ಏಳು ಹೆಜ್ಜೆ ಅಂದಿದೀರಲ್ಲ, ಅದು ಗಂಡಸಿನ ಹೆಜ್ಜೆಯೋ ಹೆಂಗಸಿನದೋ?"

ಭಕ್ತಿಪ್ರಧಾನ ಐತಿಹಾಸಿಕ ಪ್ರೇಮ ಕಾದಂಬರಿ ಅಂತ ಮುಖಪುಟದಲ್ಲೇ ಅಚ್ಚಾಗಿದೆ. ಕಾಲ 1763. ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರಿನ ಬಾಗಿಲಿಗೆ ಬಂದಿದ್ದಾನೆ. ರಾಣಿ ವೀರಮ್ಮಾಜಿಯ ಭಂಡಾರದಿಂದ ಏಳು ಕೊಪ್ಪರಿಗೆ ಹೊನ್ನನ್ನು ಒಬ್ಬ ಸೈನಿಕ ಕಾಡಿಗೆ ಸಾಗಿಸುತ್ತಾನೆ. ಅರ್ಚಕರ ಮಗಳು ಹೂ ಕಟ್ಟುತ್ತಾ ಅವನನ್ನು ನೋಡುತ್ತಾಳೆ. ಅವನೂ ನೋಡುತ್ತಾನೆ. ನಾನೂರು ಪುಟ ಇಬ್ಬರೂ ನೋಡುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಭಕ್ತಿಪ್ರಧಾನ ಅಲ್ವಾ. ಉಳಿದ ಕೆಲಸವೆಲ್ಲ ಈಶ್ವರನ ತಲೆ ಮೇಲೆ. ಸೈನಿಕನಿಗೆ ದಾರಿ ತಪ್ಪಿದಾಗೆಲ್ಲ ಸ್ವಾಮಿ ಕನಸಲ್ಲಿ ಬಂದು "ಬಿಲ್ವದ ಮರದಿಂದ ಈಶಾನ್ಯಕ್ಕೆ ಏಳು ಹೆಜ್ಜೆ" ಅಂತ ಅಳತೆ ಹೇಳುತ್ತಾನೆ. ಮುಕ್ಕಣ್ಣನನ್ನು ಸರ್ವೆ ಕೆಲಸಕ್ಕೆ ಹಚ್ಚಿದ ಕೀರ್ತಿ ನಮ್ಮ ಕಾದಂಬರಿಕಾರರದ್ದು. ನಿಜವಾದ ಸರ್ವೆಯರ್ ಕನಸಲ್ಲೂ ಬರಲ್ಲ, ಆ ಮಾತು ಬೇರೆ.

ನಮ್ಮೂರ ಹಳೇ ಈಶ್ವರ ದೇವಸ್ಥಾನದ ಹಿಂದೆಯೂ ಒಂದು ಬಿಲ್ವದ ಮರ ಇದೆ. ಈಶ್ವರನ ಗುಡಿ ಇದ್ದಲ್ಲಿ ಇನ್ನೇನು ನೀಲಗಿರಿ ಇರುತ್ತದಾ? ವಾರದೊಳಗೆ ಅಂಜನ ಹಾಕಿ ನೋಡುವವರು ಬಂದರು. ಹುಟ್ಟುವಾಗ ಕಾಲು ಮುಂದಾಗಿ ಬಂದವನೊಬ್ಬನನ್ನು ಸಾಗರದಿಂದ ಕರೆತಂದರು. ನಿಧಿ ಕಾಣುವುದು ಅಂಥವರಿಗೇ ಅಂತೆ. ಪಾಪ, ಅಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡು ತಣ್ಣಗಿದ್ದ ಹುಡುಗ.

ಅಮಾವಾಸ್ಯೆ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಹದಿನಾಲ್ಕು ಗುಂಡಿ. ಸುತ್ತ ಕುಂಕುಮ, ಕತ್ತರಿಸಿದ ನಿಂಬೆಹಣ್ಣು, ಗುಟ್ಕಾ ಚೀಟಿ. ಗುಡಿ ಪಕ್ಕದ ವೀರಗಲ್ಲು ಅಂಗಾತ ಬಿದ್ದಿತ್ತು. ಯಾರದೋ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನ ಕಲ್ಲು ಅದು. ಕಲ್ಲಲ್ಲಿ ದನವೂ ಇದೆ, ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರೂ ಇದ್ದಾರೆ. ನೂರಾರು ವರ್ಷದ ಮಲೆನಾಡ ಮಳೆಗೆ ಅಲ್ಲಾಡದವನನ್ನು ಪುಟ 212 ಒಂದೇ ರಾತ್ರಿಯಲ್ಲಿ ಮಲಗಿಸಿತು.

ಕಾದಂಬರಿಕಾರರು ಹೈದರಾಲಿಯನ್ನು ಬಾಗಿಲಲ್ಲೇ ನಿಲ್ಲಿಸಿ ಮರೆತರು ಅಂತ ನನ್ನ ದೂರು. ಅವನು ಒಳಗೆ ಬಂದ ಮಾರಾಯ್ರೆ. ಬಿದನೂರಲ್ಲಿ ಅವನಿಗೆ ಸಿಕ್ಕಿದ್ದು 1 ಕೋಟಿ 20 ಲಕ್ಷ ಪೌಂಡ್ ಬೆಲೆಯ ಸೊತ್ತು ಅಂತ ಇತಿಹಾಸ ಬರೆದ ವಿಲ್ಕ್ಸ್ ಅಂದಾಜು ಹಾಕಿದ್ದಾನೆ. ಊರಿಗೆ ಹೈದರ್‌ನಗರ ಅಂತ ತನ್ನ ಹೆಸರಿಟ್ಟ. ಕೆಳದಿ ಅರಸರ ಚಿನ್ನದ ನಾಣ್ಯವಾದ ಇಕ್ಕೇರಿ ವರಹದ ಮೇಲಿದ್ದ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿ ನಾಣ್ಯ ಹೊರಡಿಸಿದ. ಹಳೇ ಅಚ್ಚಿನ ದೇವರನ್ನೂ ದಂಡ ಮಾಡದ ಲೆಕ್ಕದ ಮನುಷ್ಯ, ಏಳು ಕೊಪ್ಪರಿಗೆ ನಮಗೆ ಅಂತ ಬಿಟ್ಟು ಹೋಗ್ತಾನಾ?

ಏನೂ ಸಿಗಲಿಲ್ಲ ಅಂತ ಹೇಳುವ ಹಾಗೂ ಇಲ್ಲ. ಒಂಬತ್ತನೇ ಗುಂಡಿಯಲ್ಲಿ ಒಂದು ಹಿತ್ತಾಳೆ ಸೌಟು ಸಿಕ್ಕಿತು. ಯಾವಾಗಲೋ ಸಮಾರಾಧನೆಯಲ್ಲಿ ಕಳೆದದ್ದು ಅಂತ ಭಟ್ಟರು ತೊಳೆದು ಒಳಗಿಟ್ಟುಕೊಂಡರು. ಅಷ್ಟರಲ್ಲಿ ಊರ ನಿವೃತ್ತ ಮೇಷ್ಟ್ರು ಕಾನೂನು ತೆಗೆದರು. ನಿಧಿ ಕಾಯ್ದೆ ಪ್ರಕಾರ ಮಣ್ಣಲ್ಲಿ ಹುದುಗಿದ್ದ ಬೆಲೆಬಾಳುವ ಯಾವುದೇ ವಸ್ತು ನಿಧಿಯೇ. ಬೆಲೆ 10 ರೂಪಾಯಿ ದಾಟಿದರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು.

"ಸೌಟು ಹತ್ತು ರೂಪಾಯಿಗಿಂತ ಜಾಸ್ತಿ ಬಾಳುತ್ತೆ ಭಟ್ರೇ."

"ಹಂಗಾದ್ರೆ ನಾಳೆ ಪಾಯಸ ಕೈಯಲ್ಲಿ ಬಡಿಸ್ಲನಾ?"

ಅರ್ಜಿ ಬರೆದದ್ದೂ ಆಯಿತು. ಕಂಡುಹಿಡಿದವರ ಹೆಸರು ಅನ್ನುವಲ್ಲಿ ಖಾಲಿ ಬಿಟ್ಟಿದ್ದಾರೆ. ಅಗೆದವರು ಮುಂದೆ ಬಂದರೆ ತಾನೇ?

ಇಷ್ಟೆಲ್ಲ ಆಗುವಾಗ ಪಕ್ಕದ ತೋಟದ ಭಾವ ಮಾತ್ರ ಟೇಪು ಹಿಡಿದು ಗುಂಡಿಯಿಂದ ಗುಂಡಿಗೆ ಇಳಿಯುತ್ತಿದ್ದರು. ಜನ್ಮದಲ್ಲಿ ಒಂದು ಪುಸ್ತಕ ಕೊಳ್ಳದವರು ಇದನ್ನು ಕೊಂಡಿದ್ದರು. ಇವರಿಗೂ ಹುಚ್ಚು ಹಿಡಿಯಿತಲ್ಲ ಅಂತ ಬೇಜಾರಾಯಿತು.

"ಎಂತ ಭಾವ, ನೀವೂನಾ?"

"ಎರಡಡಿ ಅಗಲ, ಎರಡಡಿ ಆಳ. ಅಂಚು ನೋಡು, ದಾರ ಹಿಡಿದ ಹಂಗಿದೆ," ಅಂದರು. ಮತ್ತೆ ದನಿ ತಗ್ಗಿಸಿದರು. "ಆ ಕಾದಂಬರಿ ಬರೆದವರು ನಿಂಗೆ ಪರಿಚಯ ಅಲ್ದನ? ಎರಡನೇ ಭಾಗದಲ್ಲಿ ನಿಧಿನ ನಮ್ಮ ಕೆಳಗಿನ ತೋಟದಲ್ಲಿ ಇಡಕ್ಕೆ ಹೇಳು ಮಾರಾಯ. ಅಡಿಕೆ ಸಸಿ ತಂದು ತಿಂಗಳಾಯ್ತು. ನಾನೂರು ಗುಂಡಿ ಆಗ್ಬೇಕು, ಒಂದು ಆಳು ಸಿಕ್ತಾ ಇಲ್ಲ."