ರಸಕ್ಕಾಗಿ ಕಸ ಕೊಂಡ ಪ್ರಸಂಗ

ಮಗಳ ಶಾಲೆಯಿಂದ ಮೊಬೈಲಿಗೆ ಸಂದೇಶ ಬಂದದ್ದು ರಾತ್ರಿ ಒಂಬತ್ತಕ್ಕೆ. ನಾಳೆ ‘ಕಸದಿಂದ ರಸ’ ಸ್ಪರ್ಧೆ. ಮಕ್ಕಳು ಒಂದೇ ಅಳತೆಯ ಆರು ಖಾಲಿ ಪ್ಲಾಸ್ಟಿಕ್ ಬಾಟಲಿ ತರತಕ್ಕದ್ದು. ಬಾಟಲಿಗಳು ಸ್ವಚ್ಛವಾಗಿರಬೇಕು, ಸೊಟ್ಟಗಾಗಿರಬಾರದು. ಸ್ವಚ್ಛವಾದ, ನೆಟ್ಟಗಿರುವ ಕಸ ಎಂಬ ಪದಾರ್ಥ ನಮ್ಮ ಮನೆಯಲ್ಲಿರಲಿಲ್ಲ. ಕೊಳಕಾದದ್ದೂ ಇರಲಿಲ್ಲ, ಒಣ ಕಸವನ್ನು ಆ ದಿನ ಬೆಳಿಗ್ಗೆಯಷ್ಟೇ ಆಟೊ ಹೊತ್ತೊಯ್ದಿತ್ತು. ಗುಜರಿ ಅಂಗಡಿ ಬಾಗಿಲು ಹಾಕಿತ್ತು. ಕೊನೆಗೆ ಮೂಲೆಯ ಅಂಗಡಿಗೆ ಹೋಗಿ ನೀರು ತುಂಬಿದ ಆರು ಹೊಸ ಬಾಟಲಿಗಳನ್ನೇ ಕೊಂಡೆ.

ಆರು ಬಾಟಲಿ ಎರಡು ಕೈಯಲ್ಲಿ ಹಿಡಿಸಲಿಲ್ಲ. ಕವರ್ ಕೇಳಿದೆ. ಅಂಗಡಿಯವರು ರಸ್ತೆಯ ಎರಡೂ ಕಡೆ ನೋಡಿದರು. ಬಗ್ಗಿ, ಅಕ್ಕಿ ಮೂಟೆಯ ಹಿಂದಿನಿಂದ ಕಪ್ಪು ಕವರೊಂದನ್ನು ಎಳೆದು, ‘ಸಾರ್, ಇದು ಬ್ಯಾನ್ ಆಗಿದೆ. ಬಗಲಲ್ಲಿಟ್ಟುಕೊಂಡು ಹೋಗಿ’ ಎಂದರು. ಅವರು ಈ ಮಾತು ಹೇಳುವಾಗ ಅವರ ತಲೆಯ ಮೇಲೆ ಚಿಪ್ಸ್ ಪೊಟ್ಟಣಗಳ ತೋರಣ, ಎಡಕ್ಕೆ ಶಾಂಪೂ ಸ್ಯಾಶೆಗಳ ಮಾಲೆ, ಬಲಕ್ಕೆ ಕಾಫಿಪುಡಿಯದು ತೂಗುತ್ತಿದ್ದವು. ಉತ್ಸವಮೂರ್ತಿಯ ಹಾಗೆ ಕಾಣುತ್ತಿದ್ದರು. ಆ ಅಲಂಕಾರದಲ್ಲಿ ಬಚ್ಚಿಡಬೇಕಾದದ್ದು ಒಂದೂ ಇರಲಿಲ್ಲ.

ಈ ಕವರಿನ ಜಾತಕವನ್ನು ಸ್ವಲ್ಪ ನೋಡಬೇಕು. 1999ರಲ್ಲಿ ಕೇಂದ್ರ ಸರ್ಕಾರ ಕವರ್ ಕನಿಷ್ಠ 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪವಿರಲಿ ಎಂದಿತು. 2011ರಲ್ಲಿ ಅದು 40 ಆಯಿತು. 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಯಿಂದ 75, 2022ರ ಕೊನೆಗೆ 120. ಬಾಣಂತಿ ಆರೈಕೆಯಲ್ಲಿರುವ ಕೂಸೂ ಇಷ್ಟು ಚೆನ್ನಾಗಿ ಮೈ ಕೈ ತುಂಬಿಕೊಳ್ಳುವುದಿಲ್ಲ. ದಪ್ಪ ಕವರಿಗೆ ಬೆಲೆ ಹೆಚ್ಚು, ಅಂಗಡಿಯವರು ಪುಕ್ಕಟೆ ಕೊಡಲಾರರು, ಬಿಸಾಡಿದರೂ ಆಯುವವರು ಬಿಡಲಾರರು ಎಂಬುದು ತರ್ಕ, ತರ್ಕವೇನೋ ಕೆಟ್ಟದ್ದಲ್ಲ. ಆದರೆ ಅಳೆಯುವವರು ಯಾರು? ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎನ್ನುತ್ತಾರೆ. ಸೊಪ್ಪು ಮಾರುವ ಅಜ್ಜಿ ತನ್ನ ಜಡೆಯಿಂದ ಒಂದು ಎಳೆ ಕಿತ್ತು ಕವರಿನ ಪಕ್ಕ ಹಿಡಿದು ನೋಡಬೇಕೇನೋ. (ನನಗೆ ಆ ಸೌಲಭ್ಯವೂ ಈಗ ಇಲ್ಲ.)

ಇಷ್ಟರ ಮೇಲೆ ಕರ್ನಾಟಕ 2016ರ ಮಾರ್ಚ್‌ನಲ್ಲಿಯೇ ಇನ್ನೊಂದು ಆದೇಶ ಹೊರಡಿಸಿತ್ತು: ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ ಕೂಡದು. ಅಂದರೆ 120 ಮೈಕ್ರಾನಿನ ಕವರ್ ದೆಹಲಿಯ ಪ್ರಕಾರ ಸಭ್ಯ, ಬೆಂಗಳೂರಿನ ಪ್ರಕಾರ ಅಪರಾಧಿ. ನನ್ನ ಬಗಲಲ್ಲಿದ್ದ ಕಪ್ಪು ಕವರ್ ಎರಡೂ ಕಡೆ ಸಲ್ಲದ್ದು. ಮನೆ ತಲುಪುವ ಮೊದಲೇ ಹರಿದು, ಅದು ತಾನೇ ತನಗೆ ಶಿಕ್ಷೆ ವಿಧಿಸಿಕೊಂಡಿತು.

2022ರ ಜುಲೈ 1ರಿಂದ ದೇಶದಾದ್ಯಂತ ಏಕಬಳಕೆ ಪ್ಲಾಸ್ಟಿಕ್ ನಿಷೇಧವಾಯಿತಲ್ಲ, ಆ ಪಟ್ಟಿಯನ್ನು ಓದಿ. ಕಿವಿಗೆ ಹಾಕುವ ಕಡ್ಡಿ, ಬಲೂನಿನ ಕಡ್ಡಿ, ಮಿಠಾಯಿ ಕಡ್ಡಿ, ಐಸ್‌ಕ್ರೀಂ ಕಡ್ಡಿ, ಕಲಕುವ ಕಡ್ಡಿ. ಕಡ್ಡಿಯನ್ನು ಗುಡ್ಡ ಮಾಡುವವರನ್ನು ಬಹಳ ಕಂಡಿದ್ದೇವೆ. ಗುಡ್ಡವನ್ನು ಅಲ್ಲೇ ಬಿಟ್ಟು ಕಡ್ಡಿಯನ್ನು ಹಿಡಿದು ಠಾಣೆಗೆ ತಂದದ್ದು ಇದೇ ಮೊದಲು. ಚಿಪ್ಸ್ ಪೊಟ್ಟಣ ಆ ಪಟ್ಟಿಯಲ್ಲಿಲ್ಲ.

ಪೊಟ್ಟಣದ ಮೇಲೆ ಕಾನೂನಿನ ಕಣ್ಣು ಬಿದ್ದೇ ಇಲ್ಲ ಎಂದರೆ ತಪ್ಪಾಗುತ್ತದೆ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಎಂದು ಪದರದ ಮೇಲೆ ಪದರ ಅಂಟಿಸಿ ಮಾಡುವ ಈ ಹೊಳೆಯುವ ವಸ್ತುವನ್ನು ಬಿಡಿಸಿ ಮತ್ತೆ ಬಳಸುವುದು ಕಷ್ಟ. ಗುಜರಿಯವರು ಮುಟ್ಟುವುದಿಲ್ಲ. ಕೇಂದ್ರದ 2016ರ ನಿಯಮ, ಮರುಬಳಕೆಯಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ನಿಲ್ಲಿಸಿ ಎಂದು ಗುಡುಗಿತ್ತು. ಎರಡು ವರ್ಷ ತುಂಬಿತು. 2018ರ ಮಾರ್ಚ್‌ನಲ್ಲಿ ಬಂದದ್ದು ತಿದ್ದುಪಡಿ. ಮರುಬಳಕೆಯಾಗದ್ದು ಎಂಬುದರ ಪಕ್ಕದಲ್ಲಿ, ಶಕ್ತಿ ಉತ್ಪಾದನೆಗೂ ಬಾರದ್ದು, ಬೇರೆ ಉಪಯೋಗವಿಲ್ಲದ್ದು ಎಂಬ ಮಾತುಗಳು ಬಂದು ಕುಳಿತವು. ಶಕ್ತಿ ಉತ್ಪಾದನೆ ಎಂದರೆ ಸುಡುವುದು. ಸುಟ್ಟರೆ ಉರಿಯದ ಚಿಪ್ಸ್ ಪೊಟ್ಟಣವನ್ನು ಯಾರಾದರೂ ನೋಡಿದ್ದೀರಾ? ನಮ್ಮಜ್ಜಿ ಬಚ್ಚಲೊಲೆಗೆ ಹಾಲಿನ ಪ್ಯಾಕೆಟ್ಟು ತುರುಕಿ ಸೌದೆ ಹೊತ್ತಿಸುತ್ತಿದ್ದಾಗ ಇಡೀ ಮನೆ ಕೆಮ್ಮುತ್ತಿತ್ತು. ಪಾಪ, ಅಜ್ಜಿ ಶಕ್ತಿ ಉತ್ಪಾದಿಸುತ್ತಿದ್ದಾಳೆಂದು ನಮಗೆ ಗೊತ್ತಾಗಲಿಲ್ಲ, ಬೈದೆವು.

ಇನ್ನು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂಬುದಿದೆ. 2022ರ ಫೆಬ್ರುವರಿಯಲ್ಲಿ ಅದಕ್ಕೆ ಮಾರ್ಗಸೂಚಿ ಬಂತು. ಪೊಟ್ಟಣ ಮಾರಿದ ಕಂಪನಿಯೇ ಅಷ್ಟು ತೂಕದ ಪ್ಲಾಸ್ಟಿಕ್ಕನ್ನು ವಿಲೇವಾರಿ ಮಾಡಿಸಬೇಕು. ತಾನೇ ಬೀದಿಗಿಳಿಯಬೇಕಿಲ್ಲ, ಮರುಬಳಕೆ ಮಾಡುವವರಿಂದ ಪ್ರಮಾಣಪತ್ರ ಕೊಂಡರೆ ಸಾಕು. ಕಾಶಿಗೆ ಹೋಗಲಾಗದವರು ಹೋಗುವವರ ಕೈಗೆ ದುಡ್ಡು ಕೊಟ್ಟು ಪುಣ್ಯ ತರಿಸಿಕೊಂಡಂತೆ. ವ್ಯವಸ್ಥೆ ಶುರುವಾಗಿ ಎರಡು ವರ್ಷವೂ ಆಗಿರಲಿಲ್ಲ, 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ತಪಾಸಣೆಗೆ ಹೋದರೆ ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಗುಜರಾತ್, ಮಹಾರಾಷ್ಟ್ರದ ಜತೆಗೆ ನಮ್ಮ ಕರ್ನಾಟಕದ ಹೆಸರೂ ಅದರಲ್ಲಿತ್ತು. ಇಲ್ಲದ ಕಸವನ್ನು, ಮಾಡದ ಮರುಬಳಕೆಯಿಂದ, ಕಾಗದದ ಮೇಲೆ ಕರಗಿಸಿದ್ದರು. ಸೊಪ್ಪಿನ ಅಜ್ಜಿಯ ಕವರನ್ನು ಬೆರಳಲ್ಲಿ ಉಜ್ಜಿ ನೋಡಿ ದಂಡ ಹಾಕುವ ದೇಶದಲ್ಲಿ ಈ ಕೈಚಳಕಕ್ಕೆ ಒಂದು ಶಾಲು, ಒಂದು ಹಾರವಾದರೂ ಬೇಡವೇ?

ಇರಲಿ, ನಮ್ಮ ಬಾಟಲಿಗಳ ವಿಷಯಕ್ಕೆ ಬರುತ್ತೇನೆ. ಆ ರಾತ್ರಿ ನೀರನ್ನೆಲ್ಲ ತುಳಸಿ ಗಿಡಕ್ಕೆ ಸುರಿದೆವು. ಮಗಳು ಬಾಟಲಿಗಳ ಕತ್ತು ಕೊಯ್ದು, ಎಣ್ಣೆ ಬಣ್ಣ ಬಳಿದು, ಗೋಂದು ಹಚ್ಚಿ, ಮೇಲೆ ಜರಿಪುಡಿ ಉದುರಿಸಿ, ಕನ್ನಡಿ ಚೂರು ಅಂಟಿಸಿ ಹೂದಾನಿ ಮಾಡಿದಳು. ಎರಡನೆಯ ಬಹುಮಾನ ಬಂತು. ‘ಪ್ಲಾಸ್ಟಿಕ್ ಮುಕ್ತ ನಾಳೆಗಾಗಿ’ ಎಂದು ಬರೆದಿದ್ದ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ ಕೊಟ್ಟಿದ್ದರು. ಅದು ಎಷ್ಟು ಮೈಕ್ರಾನೋ ಕೇಳಲಿಲ್ಲ, ಚೆನ್ನಾಗಿ ದಪ್ಪವೇ ಇತ್ತು.

ಹೂದಾನಿ ಮೂರು ವಾರ ಟಿ.ವಿ. ಮೇಜಿನ ಮೇಲಿತ್ತು. ಜರಿಪುಡಿ ಸಾರಿನಲ್ಲಿಯೂ ಸಿಗತೊಡಗಿದಾಗ ಹೆಂಡತಿ ಅದನ್ನು ಒಣ ಕಸಕ್ಕೆ ಹಾಕಿದಳು. ಬೆಳಿಗ್ಗೆ ಆಟೊ ಜತೆ ಬಂದ ಪೌರಕಾರ್ಮಿಕ ಮಹಿಳೆ ಅದನ್ನು ಎತ್ತಿ, ತಿರುಗಿಸಿ, ಉಗುರಿನಿಂದ ಬಣ್ಣ ಕೆರೆದು ನೋಡಿದರು.

‘ಒಳ್ಳೆಯ ಬಾಟಲಿಗಳಾಗಿದ್ದವಲ್ಲ ಸಾರ್, ಹಾಗೇ ಕೊಟ್ಟಿದ್ದರೆ ಕೆಜಿ ಲೆಕ್ಕದಲ್ಲಿ ಹೋಗುತ್ತಿತ್ತು. ಬಣ್ಣ, ಗೋಂದು, ಗಾಜು ಎಲ್ಲ ಸೇರಿಸಿ ಇಟ್ಟಿದ್ದೀರಿ. ಈಗ ಇದನ್ನು ಯಾರು ತೆಗೆದುಕೊಳ್ಳುತ್ತಾರೆ?’

‘ಮತ್ತೆ ಏನು ಮಾಡುವುದಮ್ಮಾ?’

‘ಏನು ಮಾಡುವುದು? ಈಗ ಇದು ಕಸ’ ಎಂದು ಬೇರೆ ಚೀಲಕ್ಕೆ ಎಸೆದರು.