ನೇಪಾಳದ ಗಡಿಯಾಗ ಎಲ್ಲಾರ್ನೂ ತಡದು ಕೇಳಬೇಕೇನು? ಪರ-ವಿರೋಧ

ಪರ: ಕೇಳಬೇಕು
(ನಿವೃತ್ತ ಬಸ್ ಚೆಕಿಂಗ್ ಇನ್ಸ್‌ಪೆಕ್ಟರ್, ಹುಬ್ಬಳ್ಳಿ)

ಈ ಕಡೆ ನಿಂತು ಬರೀರಿ ಅಂದಾಗ ಎರಡು ದಿನ ವಿಚಾರ ಮಾಡೀನಿ. ನಮ್ಮ ಕೇಶ್ವಾಪುರದ ಓಣ್ಯಾಗ ರಾತ್ರಿ ಸೀಟಿ ಊದಕೋಂತ, ಕೋಲು ಬಡಕೋಂತ ತಿರಗೂ ಗೂರ್ಖಾ ನೇಪಾಳದಾವ. ತಿಂಗಳ ಮೊದಲನೇ ವಾರ ಗೇಟಿನ ಮುಂದ ನಿಂತು "ಸಾಬ್" ಅಂದ್ರ ನಮ್ಮ ಮನಿಯಾಕಿ ರೊಕ್ಕದ ಜೋಡಿ ಒಂದು ಕಪ್ ಚಾನೂ ಕೊಡ್ತಾಳ. ಅವಂಗ ತನ್ನೂರಿಗೆ ಹೋಗಿ ಬರಾಕ ವೀಸಾ ಬೇಕು ಅಂತ ನಾ ಎಂದೂ ಹೇಳಾಂವಲ್ಲ. ಆದ್ರ ಹೆಸರು ಕೇಳೂದು ಬ್ಯಾರೆ, ಬಾಗಲಾ ಹಾಕೂದು ಬ್ಯಾರೆ. ಕೇಳಬೇಕು ಅನ್ನೂದಷ್ಟ ನನ್ನ ಮಾತು.

ಹಾವೇರಿ-ಹುಬ್ಬಳ್ಳಿ ರೂಟಿನ್ಯಾಗ ನಾ ವರ್ಷಾನುಗಟ್ಲೆ ಚೆಕಿಂಗ್ ಮಾಡೀನಿ. ಬಂಕಾಪುರ ಹತ್ರ ಕೈ ಮಾಡಿ ಬಸ್ ನಿಲ್ಲಿಸಿ ಹತ್ತಿದ್ವಿ ಅಂದ್ರ ಮಾಸ್ತರು, ಸ್ವಾಮಿಗಳು, ಬ್ಯಾಡಗಿಗೆ ಮೆಣಸಿನಕಾಯಿ ಹಾಕಿ ಬಂದ ರೈತ, ಎಲ್ಲಾರೂ ಟಿಕೆಟ್ ತೋರಸ್ತಿದ್ರು, ಯಾರಿಗೂ ಅವಮಾನ ಅನಸ್ತಿರಲಿಲ್ಲ, ಯಾಕಂದ್ರ ಎಲ್ಲಾರ್ನೂ ಕೇಳ್ತಿದ್ವಿ. ಒಬ್ಬನ್ನ ಕೇಳಿ ಒಬ್ಬನ್ನ ಬಿಟ್ರ ಅಲ್ಲೇ ಜಗಳಾ. ನೇಪಾಳದ ಗಡಿಯಾಗ ಈಗ ನಡದಿದ್ದು ಇದ, ಮನಸಿಗೆ ಬಂದೋರನ್ನ ನಿಲ್ಲಸ್ತಾರ, ಉಳದೋರನ್ನ ಬಿಡ್ತಾರ. 1751 ಕಿಲೋಮೀಟರ್ ಗಡಿ, ಐದು ರಾಜ್ಯಕ್ಕ ಹತ್ತೇತಿ, ಎಷ್ಟೋ ಕಡೆ ಒಬ್ಬನ ಹೊಲದ ಬದುನ ಗಡಿ. 1950ರ ಒಪ್ಪಂದ ಆದಾಗಿಂದ ಎರಡೂ ಕಡೆಯ ಮಂದಿ ವೀಸಾ ಇಲ್ಲದ ಓಡ್ಯಾಡ್ತಾರ. ಕಾಯಾಕ ಅಂತ ಸಶಸ್ತ್ರ ಸೀಮಾ ಬಲ ಬಂದದ್ದ 2001ರಾಗ.

ಬರೇ ಕಾಯೂದು ಸಾಲೂದಿಲ್ಲ, ಬರದು ಇಡಬೇಕು. ಬಾಂಬ್ ಸ್ಫೋಟದ ಕೇಸಿನ್ಯಾಗ ಪೊಲೀಸರು ಹುಡುಕ್ತಿದ್ದ ಅಬ್ದುಲ್ ಕರೀಂ ಟುಂಡಾ, ಯಾಸೀನ್ ಭಟ್ಕಳ, ಇಬ್ಬರೂ ಸಿಕ್ಕದ್ದು 2013ರ ಆಗಸ್ಟ್‌ನ್ಯಾಗ, ನೇಪಾಳದ ಗಡಿ ಹತ್ರನ. ಅವರು ಯಾಕ ಆ ದಿಕ್ಕಿಗೇ ಇದ್ರು ಅನ್ನೂದನ್ನ ಬಿಡಿಸಿ ಹೇಳಬೇಕಾಗಿಲ್ಲ. 1999ರ ಡಿಸೆಂಬರ್ 24ಕ್ಕ ಕಠ್ಮಂಡುವಿನಿಂದ ಹೊಂಟ ನಮ್ಮ ವಿಮಾನ ಅಪಹರಣ ಆಗಿ ಅಫ್ಘಾನಿಸ್ತಾನದ ಕಂದಹಾರಕ್ಕ ಹೋತು, ಮೂರು ಮಂದಿ ಉಗ್ರರನ್ನ ಬಿಟ್ಟ ಮ್ಯಾಲೇ ನಮ್ಮ ಮಂದಿ ವಾಪಸ್ ಬಂದ್ರು. ಅವತ್ತು ಟಿವಿ ಮುಂದ ಕುಂತದ್ದು ನನಗ ಇನ್ನೂ ನೆನಪೈತಿ.

ಇನ್ನೊಂದು ಐತಿ, ಇದಕ್ಕ ನಾ ಹೆಚ್ಚಿನ ತೂಕ ಕೊಡ್ತೀನಿ. ಕೆಲಸ ಕೊಡಸ್ತೀನಿ ಅಂತ ನೇಪಾಳದ ಹಳ್ಳಿಯಿಂದ ಹುಡಿಗ್ಯಾರನ್ನ ಕರಕೊಂಡು ಬಂದು ನಮ್ಮ ದೊಡ್ಡ ಶಹರದಾಗ ಮಾರ್ತಾರ. ಮೈತಿ ನೇಪಾಳ ಅನ್ನೂ ಸಂಸ್ಥೆಯ ಹೆಣ್ಣಮಕ್ಕಳು ಗಡಿಯಾಗ ನಿಂತು ಸಂಶಯ ಬಂದ ಹುಡಿಗೀನ ತಡದು ಕೇಳ್ತಾರ, ನಿನ್ನ ಜೋಡಿ ಬಂದಾಂವ ಯಾರವ್ವಾ, ಎಲ್ಲಿಗೆ ಹೊಂಟಿ, ಅಂತ. ಆ ಎರಡು ಪ್ರಶ್ನೆದಿಂದ ಎಷ್ಟೋ ಹುಡಿಗ್ಯಾರು ಉಳದಾರ. ಆ ಪ್ರಶ್ನೆ ಸರಕಾರ ಕೇಳಬಾರದೇನು?

ಯೂರೋಪಿನ್ಯಾಗ ಗಡೀನ ಇಲ್ಲ ಅಂತಿದ್ರು, ಜರ್ಮನಿ 2024ರ ಸೆಪ್ಟೆಂಬರ್‌ದಿಂದ ತನ್ನ ಎಲ್ಲಾ ಭೂಗಡಿಗೂ ತಪಾಸಣಿ ಹಚ್ಚೇತಿ. ಅಮೆರಿಕಾ-ಕೆನಡಾಕ್ಕಿಂತ ದೋಸ್ತರು ಯಾರದಾರ, ಅಲ್ಲೂ 2009ರಿಂದ ರಸ್ತೆ ಮ್ಯಾಲ ದಾಟಾಕ ಪಾಸ್‌ಪೋರ್ಟ್ ಇಲ್ಲಾ ಅದರಂಥಾ ಕಾಗದ ತೋರಸಬೇಕು.

ಅಧಿಕಾರಿಗಳು ಸರಿ ಇಲ್ಲ, ಅದಕ್ಕ ತಪಾಸಣಿನ ಬ್ಯಾಡ ಅನ್ನೋರದಾರ. ಕಂಡಕ್ಟರ್ ಒಬ್ಬಾಂವ ಟಿಕೆಟ್ ಕೊಡಲಿಲ್ಲ ಅಂತ ಬಸ್ಸ ಬ್ಯಾಡ ಅಂತಾರೇನು? ಮ್ಯಾಲಿನವರದಾರ, ಕೋರ್ಟ್ ಐತಿ, ಅಲ್ಲಿ ದೂರು ಕೊಡಬೇಕು. ಒಂದು ಗುರುತಿನ ಚೀಟಿ, ಕಂಪ್ಯೂಟರಿನ್ಯಾಗ ಒಂದು ಸಾಲು, ನಾ ಕೇಳೂದು ಇಷ್ಟ.

ವಿರೋಧ: ಮೊದಲು ಕೇಳೋರನ್ನ ಕೇಳ್ರಿ
(ಹೈಸ್ಕೂಲ್ ಶಿಕ್ಷಕಿ, ಧಾರವಾಡ)

2019ರ ಮೇ ತಿಂಗಳದಾಗ ಧಾರವಾಡದಿಂದ ಮೂವತ್ತೆಂಟು ಮಂದಿ ನೇಪಾಳದ ಮುಕ್ತಿನಾಥ ಕ್ಷೇತ್ರಕ್ಕ ಹೋಗಿದ್ವಿ. ನಮ್ಮವ್ವಗ ಆಗ ಅರವತ್ತೇಳು. ಮೂರೂವರಿ ಸಾವಿರ ಮೀಟರಿಗಿಂತ ಎತ್ತರ, ನಾಕು ಹೆಜ್ಜಿ ಇಟ್ರ ಉಸಿರು ಹಿಡೀತದ, ಅಂಥಾದ್ರಾಗ ಆ 108 ಧಾರಾದ ಕೆಳಗ ಒಂದೂ ಬಿಡದ ತಲಿ ಒಡ್ಡಿದಾಕಿ ಅಕಿ. ಕೆಳಗ ಕಾಗಬೇನಿಯೊಳಗ ಕಾಳಿಗಂಡಕಿ ದಂಡಿ ಮ್ಯಾಲ ಏಳು ಸಾಲಿಗ್ರಾಮ ತೊಗೊಂಡ್ವಿ. ಹೆಣ್ಣಮಕ್ಕಳು ಸಾಲಿಗ್ರಾಮ ಮುಟ್ಟಬಾರದು ಅನ್ನೂದು ನಮ್ಮ ಮನಿ ಪದ್ಧತಿ, ಅದಕ್ಕ ಜೋಡಿ ಬಂದಿದ್ದ ಆಚಾರ್ರ ಕೈಲೆ ಮಡಿ ವಸ್ತ್ರದಾಗ ಸುತ್ತಿಸಿ, ಗಂಟು ಕಟ್ಟಿಸಿ, ಆ ಗಂಟನ್ನ ತನ್ನ ರೇಷ್ಮಿ ಸೀರಿಯ ಮಡಿಕಿಯೊಳಗ ಇಟ್ಟುಕೊಂಡು ಮೂರು ದಿವಸ ಬಸ್ಸಿನ್ಯಾಗ ತೊಡಿ ಮ್ಯಾಲ ಹಿಡಕೊಂಡು ಕೂತಿದ್ಲು. ರಾತ್ರಿ ನಿದ್ದಿ ಹತ್ತಿದ್ರೂ ಕೈ ಸಡ್ಲ ಬಿಟ್ಟಿದ್ದಿಲ್ಲ.

ವಾಪಸ್ ಬರೂಮುಂದ ಗಡಿಯಾಗ ಬಸ್ ನಿಲ್ಲಿಸಿ ಎಲ್ಲಾರ್ನೂ ಇಳಿಸಿದ್ರು. ಯಾವ ಗೇಟು, ಯಾವ ಯೂನಿಫಾರ್ಮು ಅಂತ ಬರಿಯೂದಿಲ್ಲ. ನಿಲ್ಲಿಸಿದಾತನ ಎದಿ ಮ್ಯಾಲ ಹೆಸರಿನ ಪಟ್ಟಿ ಇರಬೇಕಾದಲ್ಲೆ ಎರಡು ತೂತು ಅಷ್ಟ ಇದ್ವು. ಅವ್ವನ ಗಂಟು ಬಿಚ್ಚಂದ. ಆಚಾರ್ರು ನಾ ಬಿಚ್ಚತೀನಿ ಅಂತ ಮುಂದ ಬರೂದ್ರಾಗ ಆತನ ಕಸಗೊಂಡು ತಗಡಿನ ಟೇಬಲ್ ಮ್ಯಾಲ ಸುರುವಿದ, ಚಾದ ಎಂಜಲ ಗ್ಲಾಸು, ಬಿಸ್ಕೀಟಿನ ಪುಡಿ, ಅದರ ನಡುವ ಸಾಲಿಗ್ರಾಮ ಉಳ್ಳಾಡಿದ್ವು. ಅವ್ವ ಕನ್ನಡದಾಗ "ತಮ್ಮಾ, ಅವು ದೇವರಪ್ಪಾ" ಅಂದ್ಲು. ಆತಗ ಏನ್ ತಿಳೀಬೇಕು. ಆಮ್ಯಾಲ ಅಕಿ ಸೊಂಟದಾಗ ಸಿಗಿಸಿಕೊಂಡಿದ್ದ ಸಂಚಿ ತೋರಿಸಿ ಅದನ್ನೂ ತಗಿ ಅಂತ ಕೈ ಚಾಚಿದ. ಸುತ್ತಮುತ್ತ ಒಬ್ಬ ಹೆಣ್ಣಮಗಳು ಸಿಬ್ಬಂದಿ ಇರಲಿಲ್ಲ. ನಾ ನಡುವ ಹೋಗಿ ನಿಂತೆ. ಸಾವಿರ ರೂಪಾಯಿ ಕಟ್ರಿ, ಹೋಗ್ರಿ ಅಂದ. ಕಟ್ತೀನಿ, ರಸೀದಿ ಕೊಡ್ರಿ ಅಂದೆ. ಅಷ್ಟಕ್ಕ ಬಸ್ಸನ್ನ ಬದಿಗೆ ಹಚ್ಚಿಸಿದ್ರು, ಮೇ ತಿಂಗಳ ಬಿಸಿಲಾಗ ಮೂರು ತಾಸು, ವಯಸ್ಸಾದವರೆಲ್ಲಾ ಬಸ್ಸಿನ ನೆರಳಿನ್ಯಾಗ ನೆಲಕ್ಕ ಕೂತ್ರು. ಕಡೀಕ ಡ್ರೈವರ್ ಏನೋ ಕೊಟ್ಟು ಬಂದ, ರಸೀದಿ ಬರಲಿಲ್ಲ. ರಾತ್ರಿ ಲಾಜ್‌ನ್ಯಾಗ ಆಚಾರ್ರು ಎಣಿಸಿ ನೋಡಿದ್ರ ಆರ ಇದ್ವು.

ಊರಿಗೆ ಬಂದು ರಿಜಿಸ್ಟರ್ ಪೋಸ್ಟಿನ್ಯಾಗ ದೂರು ಕಳಿಸಿದೆ, ದಿನಾಂಕ, ಟೈಮು, ಬಸ್ ನಂಬರು ಎಲ್ಲಾ ಬರದು. ಐದು ತಿಂಗಳಿಗೆ ಎರಡು ಸಾಲಿನ ಉತ್ತರ ಬಂತು, ಸಂಬಂಧಪಟ್ಟ ಅಧಿಕಾರಿಯ ಹೆಸರು ಮತ್ತು ನಂಬರು ತಿಳಿಸಬೇಕು ಅಂತ. ದೂರು ಕೊಡ್ರಿ, ಕೋರ್ಟ್ ಅದ ಅನ್ನೋರಿಗೆ ನಾ ಈ ಪತ್ರಾ ತೋರಸ್ತೀನಿ. ಹೆಸರ ಇಲ್ಲದಾತನ ಮ್ಯಾಲ ಯಾವ ಕೋರ್ಟಿಗೆ ಹೋಗ್ಲಿ ನಾನು?

ಕಾನೂನು ಇಲ್ಲಂತಲ್ಲ. 1962ರ ಕಸ್ಟಮ್ಸ್ ಕಾಯ್ದೆ ಓದ್ರಿ. 102ನೇ ಕಲಮಿನ ಪ್ರಕಾರ ಮೈ ತಪಾಸಣಿ ಮಾಡೂಕಿಂತ ಮೊದಲ ನಾವು ಕೇಳಿದ್ರ ಗೆಜೆಟೆಡ್ ಅಧಿಕಾರಿ ಇಲ್ಲಾ ಮ್ಯಾಜಿಸ್ಟ್ರೇಟ್ ಮುಂದ ಕರಕೊಂಡು ಹೋಗಬೇಕು, ಇಬ್ಬರು ಸಾಕ್ಷಿ ಇರಬೇಕು, ಹೆಣ್ಣಮಕ್ಕಳನ್ನ ಹೆಣ್ಣಮಕ್ಕಳ ತಪಾಸಣಿ ಮಾಡಬೇಕು. 136ರೊಳಗ ಕಾರಣ ಇಲ್ಲದ ಮೈ ತಪಾಸಣಿ ಮಾಡಿದ ಅಧಿಕಾರಿಗೆ ಆರು ತಿಂಗಳ ತನಕ ಜೈಲು, ಇಲ್ಲಾ ಸಾವಿರ ರೂಪಾಯಿ ದಂಡ ಅಂತನೂ ಅದ. ಓದಿದಾಗ ನನಗ ಸಮಾಧಾನ ಆತು. ಮುಂದಿನ ಹಾಳಿ ತಿರುವಿದೆ, 137ನೇ ಕಲಮು. ಆ ಕೇಸು ಕೋರ್ಟ್ ಕೈಗೆತ್ತಿಕೊಳ್ಳಬೇಕಂದ್ರ ಕೆಳಗಿನ ಅಧಿಕಾರಿಯಾದ್ರ ಅವರದ ಕಮಿಷನರ್ ಪರವಾನಿಗಿ ಕೊಡಬೇಕು, ಮ್ಯಾಲಿನವರಾದ್ರ ಕೇಂದ್ರ ಸರಕಾರ. ಅಂದ್ರ ಬೀಗದ ಕೈ ಅವರ ಮನ್ಯಾಗ. ಸುಪ್ರೀಂ ಕೋರ್ಟು 1996ರಾಗ ಡಿ.ಕೆ. ಬಸು ಕೇಸಿನ್ಯಾಗ, ಬಂಧಿಸಿ ವಿಚಾರಣಿ ಮಾಡೂ ಪೊಲೀಸರು ಹೆಸರು, ಹುದ್ದೆ ಕಾಣೂಹಂಗ ಹಾಕ್ಕೊಂಡಿರಬೇಕು ಅಂತ ಹೇಳೇದ. ಅದೇ ಮಾತು ಗಡಿಯಾಗ ಕೈ ಅಡ್ಡ ಹಾಕೋ ಪ್ರತಿಯೊಬ್ಬರಿಗೂ ಯಾಕ ಹತ್ತಬಾರದು? ನಮ್ಮ ಚಿಗರಿ ಬಸ್ಸಿನ್ಯಾಗ ನಾಕು ಸ್ಟಾಪ್ ದೂರ ಹೋದ್ರೂ ಕೈಯಾಗ ಚೀಟಿ ಬರ್ತದ. ಸಾವಿರ ರೂಪಾಯಿಗೆ, ಮೂರು ತಾಸಿಗೆ, ನಮ್ಮ ದೇವರಿಗೆ ಒಂದು ಚೀಟಿ ಇಲ್ಲ.

ಈಗ ಭದ್ರತಾದ ಮಾತು. ವಿಮಾನ ಅಪಹರಣ ಆದದ್ದು ಏರ್‌ಪೋರ್ಟಿನಿಂದ. ಅಲ್ಲೆ ಚೀಲ, ಮೈ ಎಲ್ಲಾ ನೋಡೂ ವ್ಯವಸ್ಥಾ ಮೊದಲಿಂದನೂ ಇತ್ತು. 2013ರಾಗ ಇಬ್ಬರು ಸಿಕ್ಕರು ಅಂದ್ರ ಗಡಿ ತೆರದಿದ್ದಾಗನ ಸಿಕ್ಕರು, ಗುಪ್ತಚರದವರ ಕೆಲಸದಿಂದ. ಬಾಂಬ್ ಇಡಾವ ಲೈನಿನ್ಯಾಗ ನಿಂತು ವೋಟರ್ ಕಾರ್ಡ್ ತೋರಿಸಿ ಬರ್ತಾನೇನ್ರಿ? ಲೈನಿನ್ಯಾಗ ನಿಲ್ಲೋರು ನಮ್ಮವ್ವನಂಥಾವರು. ಹುಡಿಗ್ಯಾರ ಸಾಗಾಣಿಕಿ ಘೋರ ಅಪರಾಧ, ಅದಕ್ಕ ಪೊಲೀಸ್ರಿದ್ದಾರ, ಕಾಯ್ದೆ ಅವ.

ನನಗ ತಿಳಿಯಲಾರದ್ದು ಅಂದ್ರ, ನೇಪಾಳ ನಮಗ ಪರದೇಶ ಅಂತ ಯಾವಾಗ ಅನಸ್ಲಿಕ್ಕೆ ಹತ್ತು? ಕಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯೊಳಗ ಪೂಜಾ ಮಾಡೋ ಭಟ್ಟರು ನಮ್ಮ ಕರ್ನಾಟಕದವರು, ತಲಿಮಾರಿನಿಂದ ಬಂದದ್ದು. ನಮ್ಮ ಸೈನ್ಯದಾಗ ಗೂರ್ಖಾ ಪಲ್ಟನ್‌ಗಳವ, ನೇಪಾಳದ ಹುಡುಗ್ರು ನಮ್ಮ ದೇಶಕ್ಕಾಗಿ ಜೀವಾ ಕೊಟ್ಟಾರ. ಬಿಹಾರದ ಕಡೆ ರೋಟಿ-ಬೇಟಿ ಸಂಬಂಧ ಅಂತಾರಲ್ಲ, ಗಡಿ ಆಚೆ ಹೆಣ್ಣು ಕೊಟ್ಟು ತರೂ ಮಂದಿ, ಅವರಿಗೆ ಗಡಿ ದಾಟೂದಂದ್ರ ನಮಗ ಧಾರವಾಡದಿಂದ ಹುಬ್ಬಳ್ಳಿಗೆ ಹೋದಂಗ. ಅವರನ್ನ ದಿನಾ ತಡದು, ಬರಕೊಂಡು, ಒಂದು ತಾಸು ನಿಲ್ಲಿಸಿದ್ರ ಏನಾಗ್ತದ ಅನ್ನೂದು 2020ರ ಮಾರ್ಚಿನ್ಯಾಗ ಕಂಡೇವಿ. ಲಾಕ್‌ಡೌನಿನ್ಯಾಗ ಗಡಿ ಮುಚ್ಚಿದಾಗ ಉತ್ತರಾಖಂಡದ ಧಾರ್ಚುಲಾದೊಳಗ ಸಿಕ್ಕಿಬಿದ್ದ ನೇಪಾಳದ ಕೂಲಿ ಹುಡುಗ್ರು ಸೇತುವೆ ಎದುರಿಗಿದ್ರೂ ಗಡಿಯಾಗ ಹರಿಯೂ ಮಹಾಕಾಳಿ ನದಿಗೆ ಹಾರಿ ಈಜಿ ತಮ್ಮೂರಿನ ದಂಡಿ ಮುಟ್ಟಿದ್ರು. ಹಿಮಾಲಯದ ನೀರು ಅದು, ಎಷ್ಟು ತಣ್ಣಗಿರ್ತದ ಅಂತ ಮುಕ್ತಿನಾಥದಾಗ ನಾ ಕೈ ಅದ್ದಿ ನೋಡೀನಿ, ಮೇ ತಿಂಗಳದಾಗನ ಬೆರಳು ಜೋಮು ಹಿಡೀತಾವ.

ಗಡಿಯಾಗ ಸಂಶಯ ಬಂದವರನ್ನ ನಿಲ್ಲಸ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಎಲ್ಲಾರ್ನೂ ತಡಿಯೂ ಅಧಿಕಾರ ಇನ್ನೂ ಹೆಚ್ಚು ಕೊಡೂಕಿಂತ ಮೊದಲ ಎದಿ ಮ್ಯಾಲ ಹೆಸರು ಬರಲಿ, ಟೇಬಲ್ ಮ್ಯಾಲ ಕ್ಯಾಮೆರಾ ಬರಲಿ, ಯಾಕ ನಿಲ್ಲಿಸಿದ್ರಿ ಅನ್ನೂದು ಕಾಗದದಾಗ ನಮ್ಮ ಕೈಗೆ ಬರಲಿ, ಪ್ರತಿ ಪಾಳಿಗೆ ಒಬ್ಬ ಹೆಣ್ಣಮಗಳು ಇರಲಿ, ದೂರು ಕೇಳೋರು ಆ ಖಾತೆದವರಲ್ಲದ ಹೊರಗಿನವರು ಇರಲಿ. ಇವು ಆಗೂ ತನಕ ಬಿಗಿ ಮಾಡ್ರಿ ಅನ್ನೂ ಮಾತಿಗೆ ನಾ ಒಪ್ಪೂದಿಲ್ಲ.

ಮುಂದಿನ ಮೇ ತಿಂಗಳಿಗೆ ನಮ್ಮಕ್ಕ ಮುಕ್ತಿನಾಥಕ್ಕ ಹೊಂಟಾಳ. ಏಳನೇದನ್ನ ತೊಗೊಂಡು ಬಾ ಅಂತ ಅವ್ವ ಅಕಿ ಕೈಯಾಗ ಹೊಸಾ ಮಡಿ ವಸ್ತ್ರ ಕೊಟ್ಟಾಳ. ನಾ 102ನೇ ಕಲಮನ್ನ ಹಿಂದಿಯೊಳಗ ದೊಡ್ಡ ಅಕ್ಷರದಾಗ ಬರದು, ಲ್ಯಾಮಿನೇಷನ್ ಮಾಡಿಸಿ ಅದರ ಜೋಡಿ ಇಟ್ಟೀನಿ.