ಮನೆ ಕಟ್ಟಿದ್ದು ಕೆಳಗೆ, ದರ್ಜೆ ಏರಿದ್ದು ಡ್ಯಾಮಿಗೆ

ಅಮೆರಿಕದಲ್ಲಿ ಡ್ಯಾಮುಗಳ ಒಂದು ರಾಷ್ಟ್ರೀಯ ಪಟ್ಟಿ ಇದೆ. 90,000ಕ್ಕೂ ಹೆಚ್ಚು ಡ್ಯಾಮುಗಳು ಅದರಲ್ಲಿವೆ. ಎತ್ತರ, ಉದ್ದ, ಕಟ್ಟಿದ ವರ್ಷ, ಉದ್ದೇಶ, ಜೊತೆಗೊಂದು ಅಪಾಯದ ದರ್ಜೆ. ಹೆಚ್ಚು, ಗಣನೀಯ, ಕಡಿಮೆ ಅಂತ ಮೂರೇ ದರ್ಜೆ. ಹೂವರ್ ಡ್ಯಾಮ್ ಗೊತ್ತಲ್ಲ? 221 ಮೀಟರ್ ಎತ್ತರ, ಬುಡದಲ್ಲಿ 200 ಮೀಟರ್ ದಪ್ಪ. ಕಾಂಕ್ರೀಟಿನ ಬಿಸಿ ಇಳಿಸೋಕೆ ಒಳಗೆಲ್ಲ ಉಕ್ಕಿನ ಪೈಪು ಹಾಕಿ ತಣ್ಣೀರು ಹರಿಸಿದ್ದರು. ಇಷ್ಟು ಉಪಚಾರ ಮಾಡಿಸಿಕೊಂಡ ಡ್ಯಾಮಿನ ದರ್ಜೆಯೂ 'ಹೆಚ್ಚು ಅಪಾಯ'!

ಗಾಬರಿ ಬೇಡ. ಈ ದರ್ಜೆಗೂ ಡ್ಯಾಮಿನ ಆರೋಗ್ಯಕ್ಕೂ ಸಂಬಂಧವೇ ಇಲ್ಲ. ಡ್ಯಾಮ್ ಒಡೆದರೆ ಒಬ್ಬರಾದರೂ ಸಾಯಬಹುದಾ? 'ಹೆಚ್ಚು'. ಜೀವ ಉಳಿದು ಆಸ್ತಿಪಾಸ್ತಿಗೆ ದೊಡ್ಡ ಪೆಟ್ಟು ಬೀಳುತ್ತಾ? 'ಗಣನೀಯ'. ಅಂಥದ್ದೇನೂ ಆಗಲ್ವಾ? 'ಕಡಿಮೆ'. ಹಾಗಾಗಿ ಬಂಡೆಯಂಥ ಡ್ಯಾಮು ಅಪಾಯಕಾರಿ. ನಿರ್ಜನ ಬಯಲಲ್ಲಿ ಉದುರುತ್ತಾ ನಿಂತದ್ದು ಪಾಪದ್ದು.

ಬಿರುಕು, ಸೋರಿಕೆಗೆಲ್ಲ ಬೇರೆ ಕಾಲಂ ಇದೆ. ಅಲ್ಲಿ ತೃಪ್ತಿಕರ, ಪರವಾಗಿಲ್ಲ, ಕಳಪೆ, ಅತೃಪ್ತಿಕರ ಅಂತ ಬರೀತಾರೆ. ಐದನೆಯದೂ ಒಂದಿದೆ: 'ದರ್ಜೆ ಕೊಟ್ಟಿಲ್ಲ'. ನನಗೆ ತುಂಬಾ ಇಷ್ಟವಾದ ದರ್ಜೆ ಇದೇ.

ಹಾಗಂತ ಲೆಕ್ಕ ತಪ್ಪಲ್ಲ. ಕೆಳಗೆ ಜನ ಇದ್ದಲ್ಲಿ ತಪಾಸಣೆ ಜಾಸ್ತಿ ಇರಬೇಕು, ದೊಡ್ಡ ಪ್ರವಾಹ ದಾಟಿಸುವಷ್ಟು ಕೋಡಿ ಇರಬೇಕು. ಎಂಜಿನಿಯರುಗಳು ಯೋಚಿಸಿಯೇ ಮಾಡಿದ್ದಾರೆ. ತಮಾಷೆ ಶುರುವಾಗೋದು ಡ್ಯಾಮಿನ ಕೆಳಗೆ.

ಹೊಲಗದ್ದೆ ಇರುವ ಕಡೆ ಡ್ಯಾಮ್ ಕಟ್ಟುತ್ತಾರೆ. ದರ್ಜೆ 'ಕಡಿಮೆ'. ಡ್ಯಾಮ್ ಬಂದ ಮೇಲೆ ಪ್ರವಾಹ ಕಮ್ಮಿ ಆಗುತ್ತೆ, ಹೊಳೆದಂಡೆಗೆ ಬೆಲೆ ಬರುತ್ತೆ. ಹೊಲ ಹೋಗಿ ಸೈಟು ಆಗುತ್ತೆ. 'ನೀರಿನ ನೋಟ' ಅಂತ ಜಾಹೀರಾತು, ಪರವಾನಗಿ, ಗೃಹಪ್ರವೇಶ. ಒಂದು ದಿನ ಡ್ಯಾಮಿನ ಮಾಲೀಕರಿಗೆ ಪತ್ರ ಬರುತ್ತೆ: ನಿಮ್ಮ ಡ್ಯಾಮ್ ಈಗ 'ಹೆಚ್ಚು ಅಪಾಯ', ಕೋಡಿ ದೊಡ್ಡದು ಮಾಡಿ. ಡ್ಯಾಮ್ ಒಂದಿಂಚು ಅಲ್ಲಾಡಿಲ್ಲ. ಸುಮ್ನೆ ನಿಂತಲ್ಲೇ ಬಡ್ತಿ! ಸೈಟು ಮಾರಿದವರು ಅಷ್ಟೊತ್ತಿಗೆ ಮುಂದಿನ ಹೊಳೆದಂಡೆ ನೋಡುತ್ತಿರುತ್ತಾರೆ. ಅವರಿಗೆ ಯಾವ ದರ್ಜೆಯೂ ಇಲ್ಲ.

ಮನೆ ಕೊಂಡವರಿಗೆ ಇದು ಗೊತ್ತಿರುತ್ತಾ ಅಂತ ಕೇಳಬೇಡಿ. 2001ರ ಭಯೋತ್ಪಾದಕ ದಾಳಿಯ ನಂತರ ಈ ದರ್ಜೆಗಳನ್ನೇ ವರ್ಷಗಟ್ಟಲೆ ಸಾರ್ವಜನಿಕರ ಕಣ್ಣಿಗೆ ಬೀಳದಂತೆ ಇಟ್ಟಿದ್ದರು. ಉಗ್ರರಿಗೆ ತಿಳಿಯಬಾರದಲ್ಲ! ಯಾರ ಮನೆಯಿಂದ ದರ್ಜೆ ಏರಿತೋ ಅವರಿಗೂ ತಿಳಿಯಲಿಲ್ಲ, ಅದು ಬೇರೆ ಮಾತು.

ಉದ್ದೇಶದ ಕಾಲಂ ಇನ್ನೂ ಚಂದ. ನೀರಾವರಿಗೆ, ವಿದ್ಯುತ್ತಿಗೆ ಡ್ಯಾಮ್ ತುಂಬಿರಬೇಕು. ಪ್ರವಾಹ ತಡೆಯೋಕೆ ಖಾಲಿ ಇರಬೇಕು. ಮೂರನ್ನೂ ಒಂದೇ ಡ್ಯಾಮಿನ ತಲೆಗೆ ಕಟ್ಟಿ 'ವಿವಿಧೋದ್ದೇಶ' ಅಂದರಾಯಿತು. ಆದರೆ ಆ ಪಟ್ಟಿಯಲ್ಲಿ ಅತಿ ಹೆಚ್ಚು ಡ್ಯಾಮುಗಳ ಮುಖ್ಯ ಉದ್ದೇಶ ಇದ್ಯಾವುದೂ ಅಲ್ಲ, ಮನರಂಜನೆ. ದೋಣಿ, ಗಾಳ, ಈಜು. ಮೇಲೆ ಮನರಂಜನೆ, ಕೆಳಗೆ ಅಪಾಯ.

ಕಾಗದದ ಮಾತು ಬಿಟ್ಟು ಕಾಂಕ್ರೀಟಿನ ಮಾತಿಗೆ ಬರೋಣ. ಲಾಸ್ ಏಂಜಲೀಸ್ ನಗರಕ್ಕೆ ನೀರು ತಂದವರು ವಿಲಿಯಂ ಮುಲ್ಹೊಲಂಡ್. ಅವರು ಕಟ್ಟಿಸಿದ ಸೇಂಟ್ ಫ್ರಾನ್ಸಿಸ್ ಡ್ಯಾಮ್ 1926ರಲ್ಲಿ ಮುಗಿಯಿತು. ಕಾಂಕ್ರೀಟ್ ಸುರಿದು ಕಟ್ಟಿದ ಇಂಥ ಡ್ಯಾಮ್ ನಿಲ್ಲೋದು ತನ್ನ ತೂಕದ ಮೇಲೆ. ಅಡಿಯಲ್ಲಿ ನುಗ್ಗುವ ನೀರು ಅದನ್ನು ಮೇಲಕ್ಕೆತ್ತಲು ನೋಡುತ್ತಲೇ ಇರುತ್ತದೆ. ಎತ್ತರ ಏರಿಸಿದರೆ ಬುಡವೂ ಅಗಲವಾಗಬೇಕು. ಇಲ್ಲಿ ಕಟ್ಟುವಾಗಲೇ ಎರಡು ಸಲ ಎತ್ತರ ಏರಿಸಿದರು, ಬುಡ ಇದ್ದಷ್ಟೇ ಇತ್ತು. ಒಂದು ಪಕ್ಕ ಆತುಕೊಂಡಿದ್ದು ಹಿಂದೆಂದೋ ಜಾರಿದ್ದ ಗುಡ್ಡಕ್ಕೆ.

1928ರ ಮಾರ್ಚ್ 12ರ ಬೆಳಿಗ್ಗೆ ಡ್ಯಾಮ್ ಕಾಯುವವನು ಹೊಸ ಸೋರಿಕೆ ನೋಡಿ ಹೇಳಿಕಳಿಸಿದ. ಮುಲ್ಹೊಲಂಡ್ ಬಂದು ನೋಡಿದರು, ಅಪಾಯವೇನಿಲ್ಲ ಅಂದರು, ಹೋದರು. ಅದೇ ರಾತ್ರಿ, ಹನ್ನೆರಡಕ್ಕೆ ಸ್ವಲ್ಪ ಮೊದಲು, ಡ್ಯಾಮ್ ಒಡೆಯಿತು. 400ಕ್ಕೂ ಹೆಚ್ಚು ಜನ ಕೊಚ್ಚಿಹೋದರು.

ಡ್ಯಾಮುಗಳ ಮೇಲೆ ಕಣ್ಣಿಡಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು ಮರುವರ್ಷ. ಆ ಬೆಳಿಗ್ಗೆ ಯಾರಾದರೂ ಇವತ್ತಿನ ಫಾರಂ ತುಂಬಿದ್ದರೆ, ಸ್ಥಿತಿಯ ಕಾಲಮ್ಮಿನಲ್ಲಿ 'ತೃಪ್ತಿಕರ' ಅಂತಲೇ ಬರೆಯುತ್ತಿದ್ದರು, ದೊಡ್ಡವರೇ ಬಂದು ನೋಡಿದ್ದಾರಲ್ಲ.